ಅರ್ಧ ತೋಳಿನ ಕುರ್ತಾ ಹೊಲಿದವರು

ಜಿತೇಂದ್ರ ಮತ್ತು ಬಿಪಿನ್ ಚೌಹಾಣ್ ಎಂಬ ಅಣ್ಣತಮ್ಮಂದಿರ ಹೆಸರು ಕರ್ನಾಟಕದಲ್ಲಿ ಹೆಚ್ಚು ಜನಕ್ಕೆ ಗೊತ್ತಿರಲಿಕ್ಕಿಲ್ಲ. ಅವರು ಹೊಲಿದ ಬಟ್ಟೆಯನ್ನು ಒಮ್ಮೆಯೂ ನೋಡದವರು ಮಾತ್ರ ನಮ್ಮಲ್ಲಿ ಸಿಗುವುದು ಕಷ್ಟ. ಅಹಮದಾಬಾದಿನ ‘ಜೇಡ್ ಬ್ಲೂ’ ಅವರ ಅಂಗಡಿ. ನರೇಂದ್ರ ಮೋದಿಯವರು 1989ರಿಂದ ಅವರಲ್ಲಿ ಬಟ್ಟೆ ಹೊಲಿಸಿಕೊಳ್ಳುತ್ತ ಬಂದವರು. ಆಗಿನ್ನೂ ಅವರು ಪಕ್ಷದ ಸಂಘಟನೆಯ ಕೆಲಸದಲ್ಲಿದ್ದರು, ಮುಖ್ಯಮಂತ್ರಿಯಾಗಲು ಹನ್ನೆರಡು ವರ್ಷ ಬಾಕಿ ಇತ್ತು.

ಚೌಹಾಣರದು ಸೌರಾಷ್ಟ್ರದ ಲಿಂಬ್ಡಿಯ ದರ್ಜಿ ಮನೆತನ. ತಂದೆ ವೈರಾಗ್ಯ ಹಿಡಿದು ಸಂಸಾರ ಬಿಟ್ಟ ಮೇಲೆ ತಾಯಿ ಮಕ್ಕಳನ್ನು ಕರೆದುಕೊಂಡು ಅಹಮದಾಬಾದಿಗೆ ಬಂದರು. ಹಳೇ ಊರಿನ ರತನ್ ಪೋಲ್‌ನಲ್ಲಿದ್ದ ಸೋದರಮಾವಂದಿರ ಹೊಲಿಗೆ ಅಂಗಡಿಯೇ ಹುಡುಗರಿಗೆ ಎರಡನೇ ಶಾಲೆಯಾಯಿತು. 1981ರಲ್ಲಿ ಅಣ್ಣತಮ್ಮಂದಿರು ‘ಸುಪ್ರೀಮೋ’ ಎಂಬ ಸ್ವಂತ ಅಂಗಡಿ ತೆರೆದರು, 1995ರಲ್ಲಿ ಜೇಡ್ ಬ್ಲೂ ಶುರುವಾಯಿತು. ನಮ್ಮ ಹುಬ್ಬಳ್ಳಿ, ದಾವಣಗೆರೆ, ಶಿವಮೊಗ್ಗಗಳಲ್ಲಿ ತಲೆಮಾರುಗಳಿಂದ ಕತ್ತರಿ ಹಿಡಿದ ಭಾವಸಾರ ಕ್ಷತ್ರಿಯರೂ ತಮ್ಮ ಮೂಲವನ್ನು ಸೌರಾಷ್ಟ್ರದ ಕಡೆಗೇ ತೋರಿಸುತ್ತಾರೆ. ಹಾಗಾಗಿ ಈ ಕಥೆ ನಮಗೆ ತೀರ ಪರಊರಿನದಲ್ಲ.

ಅರ್ಧ ತೋಳಿನ ಕುರ್ತಾದ ಹುಟ್ಟನ್ನು ಮೋದಿಯವರೇ ಹಲವು ಬಾರಿ ಹೇಳಿದ್ದಾರೆ. ಪ್ರಚಾರಕರಾಗಿ ಊರೂರು ಅಲೆಯುವಾಗ ತಮ್ಮ ಬಟ್ಟೆ ತಾವೇ ಒಗೆದುಕೊಳ್ಳಬೇಕಿತ್ತು. ತೋಳು ಕತ್ತರಿಸಿದರೆ ಒಗೆಯುವ ಶ್ರಮ ಕಡಿಮೆ, ಚೀಲದಲ್ಲಿ ಜಾಗವೂ ಉಳಿಯುತ್ತದೆ. ಇಲ್ಲಿಯವರೆಗೆ ಇದು ಅಲೆಮಾರಿಯ ಉಪಾಯ. ಅದನ್ನು ವೇದಿಕೆಗೆ ಹೊಂದುವ ಉಡುಪಾಗಿ ಮಾಡಿದ್ದು ದರ್ಜಿಯ ಕೈ.

ಕುರ್ತಾ ಹೊಲಿಯುವುದು ಸುಲಭ ಎಂದುಕೊಂಡವರು ಒಮ್ಮೆ ಕಟಿಂಗ್ ಮಾಸ್ಟರ್ ಪಕ್ಕ ನಿಲ್ಲಬೇಕು. ಕೋಟಿನಲ್ಲಾದರೆ ಕ್ಯಾನ್ವಾಸ್, ಅಸ್ತರು, ಭುಜದ ಪ್ಯಾಡು ಎಲ್ಲವೂ ಸೇರಿ ಮೈಯ ಡೊಂಕನ್ನು ಮುಚ್ಚುತ್ತವೆ. ಕುರ್ತಾಕ್ಕೆ ಅಂಥ ಆಸರೆಯೇ ಇಲ್ಲ, ಒಂದೇ ಪದರದ ಬಟ್ಟೆ. ಭುಜದ ಇಳಿಜಾರು ಅರ್ಧ ಇಂಚು ತಪ್ಪಿದರೂ ಕತ್ತಿನ ಬುಡದಲ್ಲಿ ನೆರಿಗೆ ಬೀಳುತ್ತದೆ. ಭಾಷಣಕಾರನ ಅಂಗಿಗಂತೂ ಕಂಕುಳೇ ಪ್ರಾಣ. ಕಂಕುಳನ್ನು ಸಡಿಲವಾಗಿ ಕೆಳಗಿಳಿಸಿ ಕತ್ತರಿಸಿದರೆ ಕೈ ಎತ್ತಿದಾಗ ಇಡೀ ಅಂಗಿ ಜೊತೆಗೇ ಮೇಲೇಳುತ್ತದೆ; ಮೈಗೆ ಹತ್ತಿರ, ಮೇಲಕ್ಕೆ ಕೂರಿಸಿದರೆ ತೋಳು ಮಾತ್ರ ಏಳುತ್ತದೆ, ಅಂಗಿ ಇದ್ದಲ್ಲೇ ಇರುತ್ತದೆ. ಲಕ್ಷ ಜನರ ಮುಂದೆ ಕೈ ಬೀಸುವವನಿಗೆ ಇದು ಸಣ್ಣ ವಿಷಯವಲ್ಲ. ಆ ತೋಳು ಮೊಣಕೈಗೆ ಎಷ್ಟು ಮೇಲೆ ನಿಲ್ಲಬೇಕು, ಅಂಚಿನ ಮಡಿಕೆ ಎಷ್ಟು ಅಗಲವಿರಬೇಕು ಎಂಬುದನ್ನು ಟೇಪು ಹೇಳುವುದಿಲ್ಲ. ಟ್ರಯಲ್‌ಗೆ ನಿಂತವನನ್ನು ನೋಡಿದ ಕಣ್ಣು ಹೇಳಬೇಕು. ಅದೇ ಕುರ್ತಾ ಬೇಕೆಂದು ಗಿರಾಕಿಗಳು ಕೇಳತೊಡಗಿದಾಗ ಚೌಹಾಣರು ಮೋದಿಯವರ ಅನುಮತಿ ಪಡೆದು ‘ಮೋದಿ ಕುರ್ತಾ’ ಎಂಬ ಹೆಸರಿನಲ್ಲೇ ಸಿದ್ಧ ಉಡುಪು ಮಾರಿದರು. ರಾಜಕಾರಣಿಯ ಮೈಮೇಲಿನ ಬಟ್ಟೆ ಅಂಗಡಿಯ ಸರಕಾಯಿತು. ಅವರು ಪ್ರತಿ ಸಭೆಯಲ್ಲಿ ಕಾಣಿಸಿಕೊಂಡಾಗಲೂ ಆ ಸರಕಿಗೆ ಬಿಟ್ಟಿ ಪ್ರದರ್ಶನ ಸಿಕ್ಕಿತು.

ತೊಟ್ಟವರಿಂದಲೇ ಬಟ್ಟೆಗೆ ಪ್ರಚಾರ ಸಿಗುವುದು ಗುಜರಾತಿಗೆ ಹೊಸದಲ್ಲ. ಗಾಂಧೀಜಿಯ ಆಶ್ರಮಕ್ಕೆ ಚರಕ ಹುಡುಕಿಕೊಟ್ಟ ಗಂಗಾಬೆನ್ ಮಜ್ಮುದಾರ್‌ ಅವರಿಗೆ ಅದು ಸಿಕ್ಕಿದ್ದು ಬರೋಡ ಸಂಸ್ಥಾನದ ವಿಜಾಪುರದಲ್ಲಿ, ಮನೆಗಳ ಅಟ್ಟ ಸೇರಿದ್ದ ಹಳೇ ಸಾಮಾನಿನ ನಡುವೆ. ಅಲ್ಲಿಂದ ಹೊರಟ ಖಾದಿ ಕಾಂಗ್ರೆಸ್ಸಿನ ಬೆಳಗಾವಿ ಅಧಿವೇಶನದ ಹೊತ್ತಿಗೆ ದೇಶದ ಸಮವಸ್ತ್ರದಂತಾಗಿತ್ತು. ಉಟ್ಟವರೇ ಅದರ ಜಾಹೀರಾತು. ಆದರೆ ಖಾದಿ ಏನನ್ನು ಪ್ರಚಾರ ಮಾಡುತ್ತಿದೆ ಎಂಬುದರಲ್ಲಿ ಮುಚ್ಚುಮರೆ ಇರಲಿಲ್ಲ.

ಅದೇ ಬರೋಡದ ಮಹಾರಾಜ ಮೂರನೇ ಸಯಾಜಿರಾವ್ ಗಾಯಕವಾಡರು ಅದಕ್ಕೂ ಮೊದಲೇ, 1911ರ ಡಿಸೆಂಬರ್ 12ರ ದೆಹಲಿ ದರ್ಬಾರಿನಲ್ಲಿ, ಬಟ್ಟೆಯಿಂದಲೇ ಮಾತಾಡಿದ್ದರು. ಉಳಿದ ರಾಜರು ವಜ್ರ ಮುತ್ತು ಹೇರಿಕೊಂಡು ಬಂದಿದ್ದರೆ ಇವರು ಸಾದಾ ಬಿಳಿ ಉಡುಪಿನಲ್ಲಿ, ಕೈಯಲ್ಲೊಂದು ಬೆತ್ತ ಹಿಡಿದು ಹೋದರು. ಚಕ್ರವರ್ತಿ ಐದನೇ ಜಾರ್ಜ್‌ಗೆ ಒಮ್ಮೆ ಬಾಗಿ, ಬೆನ್ನು ತಿರುಗಿಸಿ ನಡೆದರು. ಅಲ್ಲಿ ಚಲನಚಿತ್ರ ಕ್ಯಾಮೆರಾಗಳಿದ್ದವು. ಸಾಮ್ರಾಜ್ಯದ ವೈಭವ ತೋರಿಸಲೆಂದು ತೆಗೆದ ಚಿತ್ರವೇ ಲಂಡನ್ನಿನ ಪರದೆಗಳ ಮೇಲೆ ಗಾಯಕವಾಡರ ಬೆನ್ನನ್ನೂ ತೋರಿಸಿತು. ಪ್ರಚಾರಚಿತ್ರ ತೆಗೆಯುವವರೆಲ್ಲ ಈ ಪ್ರಸಂಗ ಓದಿಕೊಳ್ಳಬೇಕು ಎಂದು ನನಗೆ ಯಾವಾಗಲೂ ಅನಿಸಿದೆ.

ಬಟ್ಟೆಯನ್ನು ಚಿತ್ರದಲ್ಲಿ ಮಾರುವ ವಿದ್ಯೆ ಅಹಮದಾಬಾದಿನಲ್ಲೇ ಪಳಗಿತು. ಧೀರೂಭಾಯಿ ಅಂಬಾನಿಯವರ ನರೋಡಾ ಗಿರಣಿಯ ‘ವಿಮಲ್’ ಬಟ್ಟೆಗಾಗಿ 1980ರ ಮಾರ್ಚ್ 25ರಂದು ಅಲ್ಲಿ ಮುದ್ರಾ ಜಾಹೀರಾತು ಏಜೆನ್ಸಿ ಹುಟ್ಟಿತು. ಅದನ್ನು ಕಟ್ಟಿದ ಎ. ಜಿ. ಕೃಷ್ಣಮೂರ್ತಿ ಸಾರಾಭಾಯಿ ಕುಟುಂಬದ ಕ್ಯಾಲಿಕೋ ಬಳಗದಲ್ಲಿ ಪಳಗಿದವರು. ಕೈಯಲ್ಲಿದ್ದದ್ದು 35,000 ರೂಪಾಯಿ, ಒಬ್ಬನೇ ಗಿರಾಕಿ. ವಿಮಲ್, ಸೂರತ್ತಿನ ಗಾರ್ಡನ್ ವರೇಲಿ ಸೀರೆಗಳ ಜಾಹೀರಾತುಗಳು ದೂರದರ್ಶನದಲ್ಲಿ ಬಂದಾಗ ನಮ್ಮ ಮನೆಗಳಲ್ಲೂ ಜನ ಅವುಗಳನ್ನು ಕಿರುಚಿತ್ರದಂತೆ ಕಣ್ಣರಳಿಸಿ ನೋಡಿದರು. ಎಷ್ಟೇ ಚೆಂದವಿದ್ದರೂ ಕೊನೆಗೆ ಕಂಪನಿಯ ಹೆಸರು ಬರುತ್ತಿತ್ತು, ನೋಡಿದ್ದು ಜಾಹೀರಾತು ಎಂಬುದು ಮಕ್ಕಳಿಗೂ ತಿಳಿಯುತ್ತಿತ್ತು. ಫ್ಯಾಷನ್ ಚಿತ್ರಕ್ಕೂ ಜಾಹೀರಾತಿಗೂ ನಡುವಿನ ಗೆರೆ ಎಂದರೆ ನನ್ನ ಮಟ್ಟಿಗೆ ಅಷ್ಟೇ: ದುಡ್ಡು ಯಾರದು, ಮಾರುತ್ತಿರುವುದು ಏನು ಎಂದು ನೋಡುವವನಿಗೆ ತಿಳಿಸುವುದು.

ಆ ಗೆರೆ ನಿಜವಾದ ಗೆರೆಯಾಗಿಯೇ ಕಂಡದ್ದು 2015ರ ಜನವರಿ 25ರಂದು. ಬರಾಕ್ ಒಬಾಮಾ ಜೊತೆಗಿನ ಮಾತುಕತೆಗೆ ಮೋದಿಯವರು ತೊಟ್ಟ ಕಡುನೀಲಿ ಬಂದ್‌ಗಲಾ ಸೂಟಿನ ಪಟ್ಟೆಗಳು ದೂರಕ್ಕೆ ಗೆರೆ, ಹತ್ತಿರಕ್ಕೆ ಅಕ್ಷರ: ಅವರದೇ ಪೂರ್ಣ ಹೆಸರು, ಮೇಲಿಂದ ಕೆಳತನಕ. ಹೊಲಿದದ್ದು ಜೇಡ್ ಬ್ಲೂ. ಕಸುಬಿನ ದೃಷ್ಟಿಯಿಂದ ಅದು ಕಠಿಣ ಕೆಲಸ. ಪಟ್ಟೆ ಬಟ್ಟೆಯಲ್ಲಿ ಜೇಬು, ಭುಜ, ತೋಳಿನ ಕೀಲುಗಳಲ್ಲಿ ಗೆರೆಗೆ ಗೆರೆ ಕೂಡಬೇಕು. ಅಕ್ಷರವಿದ್ದರಂತೂ ಯಾವ ತುಂಡನ್ನೂ ತಲೆಕೆಳಗು ಹಾಕಿ ಕತ್ತರಿಸುವಂತಿಲ್ಲ, ಬಟ್ಟೆ ಉಳಿಸುವ ಯಾವ ಜಾಣ್ಮೆಯೂ ನಡೆಯುವುದಿಲ್ಲ. ಆ ಶ್ರಮದ ಬಗ್ಗೆ ಯಾರೂ ಮಾತಾಡಲಿಲ್ಲ. ಅರ್ಧ ತೋಳು ಬಾಯಿಬಿಡದೆ ಹೇಳಿದ್ದ ಸರಳತೆಯನ್ನು ಈ ಸೂಟು ಅಕ್ಷರದಲ್ಲೇ ಅಳಿಸಿತು. ‘ಸೂಟು ಬೂಟಿನ ಸರಕಾರ’ ಎಂಬ ರಾಹುಲ್ ಗಾಂಧಿಯವರ ಮಾತು ಅಂಟಿಕೊಂಡಿತು. ಫೆಬ್ರುವರಿಯಲ್ಲಿ ಸೂರತ್ತಿನಲ್ಲಿ ಮೂರು ದಿನ ಹರಾಜು ನಡೆದು ವಜ್ರ ವ್ಯಾಪಾರಿ ಲಾಲ್‌ಜಿಭಾಯಿ ಪಟೇಲ್ ಅದನ್ನು 4,31,31,311 ರೂಪಾಯಿಗೆ ಕೊಂಡರು. ಹಣ ಗಂಗಾ ಶುದ್ಧಿಗೆ ಹೋಯಿತು, ಮರುವರ್ಷ ಗಿನ್ನೆಸ್ ದಾಖಲೆಯೂ ಆಯಿತು. ಆ ವರ್ಷವೇ ನಮ್ಮಲ್ಲಿ ಸಿದ್ದರಾಮಯ್ಯನವರು ಉಡುಗೊರೆಯಾಗಿ ಬಂದಿದ್ದ ಹ್ಯೂಬ್ಲೋ ಗಡಿಯಾರವನ್ನು ಸರಕಾರಕ್ಕೆ ಒಪ್ಪಿಸಿದ್ದರು. ಪಂಚೆ ಶಲ್ಯದ ಸರಳತೆಯ ಪಕ್ಕದಲ್ಲಿ ಜನ ಮೊದಲು ನೋಡುವುದು ಮಣಿಕಟ್ಟನ್ನೇ.

ಕಾನೂನು ಈ ಗೆರೆಯ ಹಿಂದೆ ಏದುಸಿರುಬಿಡುತ್ತ ಬರುತ್ತಿದೆ. ಪ್ರಧಾನಿಯ ಹೆಸರು, ಚಿತ್ರವನ್ನು ಅನುಮತಿ ಇಲ್ಲದೆ ವ್ಯಾಪಾರಕ್ಕೆ ಬಳಸಬಾರದೆಂದು 1950ರ ಕಾಯ್ದೆ ಹೇಳುತ್ತದೆ, ಆದರೆ ದಂಡ 500 ರೂಪಾಯಿ. 2016ರಲ್ಲಿ ಜಿಯೋ, ಪೇಟಿಎಂ ಜಾಹೀರಾತುಗಳಲ್ಲಿ ಪ್ರಧಾನಿಯ ಚಿತ್ರ ಬಂತು. ಎರಡೂ ಕಂಪನಿಗಳು ಆಮೇಲೆ ಕ್ಷಮೆ ಕೇಳಿದವು. 2017ರ ಖಾದಿ ಆಯೋಗದ ಕ್ಯಾಲೆಂಡರಿನಲ್ಲಿ ಚರಕದ ಮುಂದೆ ಕುಳಿತವರು ಮೋದಿ. ಅದು ಖಾದಿಯ ಪ್ರಚಾರವೋ ವ್ಯಕ್ತಿಯದೋ ಎಂದು ಆಯೋಗದ ನೌಕರರೇ ಕೇಳಿದರು. ಮೋದಿಯವರ ಜೀವನದ ಮೇಲಿನ ಸಿನಿಮಾವನ್ನು ಚುನಾವಣಾ ಆಯೋಗ 2019ರ ಏಪ್ರಿಲ್ 10ರಂದು ತಡೆಯಿತು. ಫಲಿತಾಂಶದ ಮರುದಿನ, ಮೇ 24ಕ್ಕೆ, ಅದು ತೆರೆಕಂಡಿತು. ಈಗ ನೂರಾರು ಕಿರುವಿಡಿಯೊಗಳು ನಾಯಕರ ನಡಿಗೆ, ಶಾಲು, ಕನ್ನಡಕಗಳನ್ನು ಸಂಗೀತದೊಂದಿಗೆ ನಿಧಾನಗತಿಯಲ್ಲಿ ತೋರಿಸುತ್ತವೆ. ಹಣ ಕೊಟ್ಟವರ ಹೆಸರು ಬಹುಪಾಲು ಅವುಗಳಲ್ಲಿರುವುದಿಲ್ಲ, ಹೊಲಿದವರ ಹೆಸರಂತೂ ಇಲ್ಲವೇ ಇಲ್ಲ. ಈ ಎರಡನ್ನೂ ಬರೆಯಲೇಬೇಕು ಎನ್ನುವ ನಿಯಮ ಬೇಕು.

ಪ್ರಚಾರದ ಬಟ್ಟೆಯ ವಿಷಯದಲ್ಲಿ ದುಡ್ಡಿನ ಅಂಥ ಲೆಕ್ಕ ಆಗಲೇ ಇದೆ. ಚುನಾವಣೆ ಬಂದರೆ ಸೂರತ್ತಿನ ಗಿರಣಿಗಳಲ್ಲಿ ಎಲ್ಲ ಪಕ್ಷಗಳ ಬಾವುಟ, ಶಾಲು, ಟೋಪಿ, ನಾಯಕರ ಮುಖ ಅಚ್ಚಾದ ಸೀರೆಗಳು ತಯಾರಾಗಿ ದೇಶದ ಮೂಲೆಮೂಲೆಗೆ ಹೊರಡುತ್ತವೆ. ಪ್ರತಿ ಜಿಲ್ಲೆಯ ಚುನಾವಣಾಧಿಕಾರಿಯ ಬಳಿ ಇಂಥ ಪ್ರಚಾರ ಸಾಮಗ್ರಿಗಳಿಗೆ ದರಪಟ್ಟಿ ಇರುತ್ತದೆ. ಒಂದು ಟೋಪಿಗೆ ಇಷ್ಟು, ಒಂದು ಬಾವುಟಕ್ಕೆ ಇಷ್ಟು ಎಂದು ಅಭ್ಯರ್ಥಿಯ ಖರ್ಚಿನ ಖಾತೆಗೆ ಅದು ಸೇರುತ್ತದೆ.