ಬನಶಂಕರಿಯ ಕೆಂಗಲ್ಲು ಅದಿರೇ?

ಬನದ ಹುಣ್ಣಿಮೆಯ ಜಾತ್ರೆಗೆ ಬನಶಂಕರಿಗೆ ಬಂದವರು ತಾಯಿಯ ದರ್ಶನ ಪಡೆದು ಹರಿದ್ರಾತೀರ್ಥದ ದಡದಲ್ಲಿ ವಿಶ್ರಮಿಸಿಕೊಳ್ಳುವಾಗ, ಸುತ್ತಣ ಕಲ್ಲಿನ ಕೆಂಪು ಕಣ್ಣಿಗೆ ಬೀಳದಿರದು. ಐದು ಕಿಲೋಮೀಟರ್ ದೂರದ ಬಾದಾಮಿಯ ಬೆಟ್ಟಕ್ಕೂ ಇದೇ ಬಣ್ಣ. ಈ ಕೆಂಪನ್ನು ಕೊಟ್ಟದ್ದು ಕಬ್ಬಿಣ. ಮರಳಿನ ಕಣಗಳ ಮೈಗೆ ಕಬ್ಬಿಣದ ಆಕ್ಸೈಡು ತೆಳುವಾಗಿ ಅಂಟಿಕೊಂಡು ಮರಳುಗಲ್ಲು ಕೆಂಪಾಗಿದೆ. ಹಾಗಾದರೆ ಈ ಬೆಟ್ಟವೆಲ್ಲ ಕಬ್ಬಿಣದ ಅದಿರೆನ್ನೋಣವೇ?

ಸರ್ವಥಾ ಅಲ್ಲ. ಸಂಡೂರಿನ ಗುಡ್ಡಗಳೂ ಕೆಂಪೇ. ಆದರೆ ಅಲ್ಲಿನ ಒಳ್ಳೆಯ ಹೆಮಟೈಟ್ ಕಲ್ಲಿನಲ್ಲಿ ನೂರು ಕಿಲೋಗೆ ಅರವತ್ತು ಕಿಲೋಗೂ ಮಿಕ್ಕಿ ಕಬ್ಬಿಣವುಂಟು. ಬಾದಾಮಿಯ ಕಲ್ಲು ಬಹುಪಾಲು ಬೆಣಚಿನ ಕಣ. ಕಬ್ಬಿಣ ಅದರ ಬಣ್ಣ ಮಾತ್ರ. ಲೋಹವಿದ್ದ ಮಾತ್ರಕ್ಕೆ ಕಲ್ಲು ಅದಿರಾಗದು. ಅಗೆದು, ಪುಡಿಮಾಡಿ, ಲೋಹವನ್ನು ಬೇರ್ಪಡಿಸಿ ಮಾರಿದ ಮೇಲೂ ಲಾಭ ಉಳಿಯುವಂತಿದ್ದರೆ ಮಾತ್ರ ಅದಕ್ಕೆ ಆ ಹೆಸರು ಸಲ್ಲುತ್ತದೆ. ಖನಿಜವನ್ನು ಕೊಡುವುದು ಪ್ರಕೃತಿ. ಅದನ್ನು ಅದಿರಾಗಿಸುವುದು ಮನುಷ್ಯನ ಲೆಕ್ಕ.

ಆ ಲೆಕ್ಕವಾದರೂ ಸ್ಥಿರವಲ್ಲ. ಭಾರತೀಯ ಗಣಿ ಬ್ಯೂರೋ 2009ರಲ್ಲಿ ಕಬ್ಬಿಣದ ಅದಿರಿನ ಕನಿಷ್ಠ ಮಿತಿಯನ್ನು ಶೇಕಡ 55ರಿಂದ 45ಕ್ಕೆ ಇಳಿಸಿತು. ಅದುವರೆಗೆ ಅದಿರೆನಿಸದಿದ್ದ ಕಲ್ಲು ಅದಿರಾಯಿತು. ಕಲ್ಲಿನ ಒಂದು ಕಣವೂ ಬದಲಾಗಿರಲಿಲ್ಲ.

ಕೋಲಾರದಲ್ಲಿ ನಡೆದುದು ಇದಕ್ಕೆ ವಿರುದ್ಧ. ಮೂರು ಕಿಲೋಮೀಟರಿಗೂ ಆಳವಾಗಿದ್ದ ಆ ಗಣಿಯಲ್ಲಿ ಚಿನ್ನ ಪೂರ್ತಿ ಬರಿದಾಗಿರಲಿಲ್ಲ. ಅದನ್ನು ಮೇಲೆ ತರುವ ಖರ್ಚು ಚಿನ್ನದ ಬೆಲೆಯನ್ನು ಮೀರಿತ್ತು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಅದಿರು ಬರಿಯ ಕಲ್ಲಾಯಿತು. ಸಾವಿರಾರು ಕಾರ್ಮಿಕರ ಮನೆಯ ಒಲೆ ತಣ್ಣಗಾಯಿತು. ಚಿನ್ನದ ಬೆಲೆ ಏರಿದ ಮೇಲೆ, ಹಿಂದೆ ಚಿನ್ನ ತೆಗೆದು ಎಸೆದಿದ್ದ ಮಣ್ಣಿನ ದಿಬ್ಬಗಳನ್ನೇ ಮತ್ತೆ ಶೋಧಿಸಲು 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆಯಿತ್ತಿತು.

ಲೆಕ್ಕವೆಂದರೆ ಹಣದ್ದೊಂದೇ ಅಲ್ಲ. ಕುದುರೆಮುಖದ ಬೆಟ್ಟದಲ್ಲಿ ಮ್ಯಾಗ್ನೆಟೈಟ್ ಇನ್ನೂ ಇದ್ದಾಗಲೇ, ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಕಾಡೂ ಭದ್ರಾ ನದಿಯೂ ಇದ್ದವು.

ಬಾದಾಮಿಯ ಕಲ್ಲಿಗೆ ಈ ತೂಗಾಟದ ಭಯವಿಲ್ಲ. ಕಬ್ಬಿಣದ ಲೆಕ್ಕದಲ್ಲಿ ಅದು ಯಾವ ಕಾಲಕ್ಕೂ ಗೆಲ್ಲುವಂತಹುದಲ್ಲ. ಆದರೆ ಕ್ರಿ.ಶ. 578ರ ಶಾಸನವುಳ್ಳ ಅಲ್ಲಿನ ಮೂರನೆಯ ಗುಹೆಯನ್ನು ಕಂಡವರಾರೂ ಅದನ್ನು ಬೆಲೆಯಿಲ್ಲದ ಕಲ್ಲೆನ್ನಲಾರರು. ಕುಲುಮೆಗೆ ಒದಗದ ಆ ಕಲ್ಲು ಚಾಲುಕ್ಯರ ಶಿಲ್ಪಿಗಳ ಉಳಿಗೆ ಒದಗಿತು.