ಅಪಾಯಕ್ಕೂ ಒಂದು ಅಳತೆ

ಶಹಾಬಾದದ ಸಮೀಪದಲ್ಲಿ ಮರತೂರು ಎಂಬ ಹಳ್ಳಿಯಿದೆ. 'ಮಿತಾಕ್ಷರ'ವನ್ನು ಬರೆದ ವಿಜ್ಞಾನೇಶ್ವರನ ಊರು ಇದೇ ಎಂದು ಹೇಳುವುದುಂಟು. ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (1076–1126) ಆಳ್ವಿಕೆಯಲ್ಲಿ ಬಾಳಿದ ಆ ಪಂಡಿತನು ವ್ಯಾಖ್ಯಾನ ಬರೆದದ್ದು ಯಾಜ್ಞವಲ್ಕ್ಯ ಸ್ಮೃತಿಗೆ. ಆಸ್ತಿಯ ಪಾಲು ಹಂಚುವಾಗ ಮಿತಾಕ್ಷರದ ಹೆಸರನ್ನು ಕೇಳದವರು ವಿರಳ. ಆದರೆ ಅದೇ ಸ್ಮೃತಿಯಲ್ಲಿ ವರ್ತಕರಿಗೆ ಸಂಬಂಧಿಸಿದ ಒಂದು ಸ್ವಾರಸ್ಯವಾದ ಮಾತೂ ಇದೆ. ಒತ್ತೆಯಿಟ್ಟು ತಂದ ಸಾಲಕ್ಕೆ ತಿಂಗಳಿಗೆ ಎಂಬತ್ತರಲ್ಲೊಂದು ಪಾಲು ಬಡ್ಡಿ. ಕಾಡು ದಾಟಿ ವ್ಯಾಪಾರಕ್ಕೆ ಹೋಗುವವನಿಗೆ ನೂರಕ್ಕೆ ಹತ್ತು. ಸಮುದ್ರಯಾನ ಮಾಡುವವನಿಗೆ ನೂರಕ್ಕೆ ಇಪ್ಪತ್ತು. ಕಾಡಿನಲ್ಲಿ ಕಳ್ಳರ ಭಯ, ಕಡಲಿನಲ್ಲಿ ಬಿರುಗಾಳಿಯ ಭಯ. ಅಪಾಯ ಹೆಚ್ಚಿದಂತೆ ಅದರ ಬೆಲೆಯೂ ಹೆಚ್ಚಬೇಕೆಂಬುದು ನಮ್ಮ ಹಿರಿಯರಿಗೆ ತಿಳಿದಿತ್ತು.

ಇಂದಿನ ವಿಮೆಯ ಮೂಲದಲ್ಲಿರುವುದೂ ಇದೇ ವಿಚಾರ. ವ್ಯತ್ಯಾಸವಿಷ್ಟೆ: ಅಂದು ಸಾಲ ಕೊಟ್ಟವನೊಬ್ಬನೇ ಹೊತ್ತ ಭಾರವನ್ನು ಇಂದು ಸಾವಿರಾರು ಮಂದಿ ತಮ್ಮ ತಮ್ಮ ಕಂತಿನ ಮೂಲಕ ಹಂಚಿಕೊಳ್ಳುತ್ತಾರೆ.

ಮರತೂರಿನ ಸುತ್ತಲಿನ ನಾಡನ್ನೇ ನೋಡಿ. ಶಹಾಬಾದದ ಹಾಸುಗಲ್ಲು ಎಷ್ಟೋ ಊರುಗಳ ಮನೆಗಳ ನೆಲವಾಗಿದೆ. ವಾಡಿ, ಸೇಡಂ, ಚಿತ್ತಾಪುರ, ಚಿಂಚೋಳಿಯ ಸುಣ್ಣಕಲ್ಲು ಸಿಮೆಂಟು ಕಾರ್ಖಾನೆಗಳನ್ನು ತಂದಿದೆ. ಕಪ್ಪು ಮಣ್ಣು ತೊಗರಿಯನ್ನು ಕೊಡುತ್ತದೆ. ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ದೊಡ್ಡ ಕಾರ್ಖಾನೆಗಳಲ್ಲಿ ವಿಮೆಯ ವಿಷಯ ನೋಡಿಕೊಳ್ಳಲು ತಿಳಿದವರಿರುತ್ತಾರೆ. ಚಿಂತಿಸಬೇಕಾದುದು ಚಿಕ್ಕ ದಾಲ್ ಮಿಲ್ಲಿನವರು, ಅಡತಿ ಅಂಗಡಿಯವರು, ಕಲ್ಲುಗಣಿಯ ಗುತ್ತಿಗೆದಾರರು, ಒಂದೆರಡು ಲಾರಿ ಇಟ್ಟುಕೊಂಡವರು. ಇವರಲ್ಲಿ ಅನೇಕರಿಗೆ ವಿಮೆಯೆಂದರೆ ಬ್ಯಾಂಕಿನವರು ಸಾಲ ಕೊಡುವಾಗ ಸಹಿ ಹಾಕಿಸಿಕೊಳ್ಳುವ ಮತ್ತೊಂದು ಕಾಗದ, ಅಷ್ಟೆ.

ಅರ್ಧ ಬೆಲೆಯ ವಿಮೆ

ಒಂದು ಉದಾಹರಣೆ ತೆಗೆದುಕೊಳ್ಳೋಣ. ಮಿಲ್ಲಿನ ಯಜಮಾನರೊಬ್ಬರು ಶ್ರಾವಣದಲ್ಲಿ, ಉಗ್ರಾಣ ಅರ್ಧ ಖಾಲಿಯಿದ್ದಾಗ, 30 ಲಕ್ಷ ರೂಪಾಯಿಗೆ ಬೆಂಕಿ ವಿಮೆ ಮಾಡಿಸುತ್ತಾರೆ. ಪುಷ್ಯದ ಹೊತ್ತಿಗೆ ಹೊಸ ತೊಗರಿ ಬಂದು ದಾಸ್ತಾನಿನ ಬೆಲೆ 60 ಲಕ್ಷಕ್ಕೇರುತ್ತದೆ. ಆಗ ಬೆಂಕಿ ಬಿದ್ದು 20 ಲಕ್ಷದ ಮಾಲು ಸುಡುತ್ತದೆ. '30 ಲಕ್ಷಕ್ಕೆ ವಿಮೆಯಿದೆ, 20 ಲಕ್ಷ ಪೂರ್ತಿ ಬರುವುದು' ಎಂದು ಅವರ ನಂಬಿಕೆ. ಬರುವುದು ಸುಮಾರು 10 ಲಕ್ಷ ಮಾತ್ರ! ಅರ್ಧ ಬೆಲೆಗೆ ವಿಮೆ ಮಾಡಿಸಿದವನು ಉಳಿದರ್ಧಕ್ಕೆ ತಾನೇ ವಿಮೆಗಾರನಾದಂತೆ. ನಷ್ಟದ ಅರ್ಧವನ್ನೂ ಅವನೇ ಹೊರಬೇಕು. ಇದು ಮೋಸವಲ್ಲ, ವಿಮೆಯ ಹಳೆಯ ನಿಯಮ.

ಇದಕ್ಕೆ ಪರಿಹಾರವೂ ಇದೆ. ದಾಸ್ತಾನಿನ ಅತಿ ಹೆಚ್ಚಿನ ಬೆಲೆಗೆ ವಿಮೆ ಮಾಡಿಸಿ, ತಿಂಗಳು ತಿಂಗಳೂ ನಿಜವಾದ ಬೆಲೆಯನ್ನು ತಿಳಿಸುತ್ತ ಬಂದರೆ ಹೆಚ್ಚಾದ ಕಂತಿನಲ್ಲಿ ಒಂದು ಭಾಗ ಹಿಂದಿರುಗುವ ಏರ್ಪಾಡು ಉಂಟು. ಚಿಕ್ಕ ಉದ್ಯಮಗಳಿಗಾಗಿ 2021ರ ಏಪ್ರಿಲ್ 1ರಿಂದ 'ಭಾರತ್ ಸೂಕ್ಷ್ಮ ಉದ್ಯಮ್ ಸುರಕ್ಷಾ' ಎಂಬ ವಿಮೆ ಬಂದಿತು. ಒಂದು ಸ್ಥಳದ ಸ್ವತ್ತಿನ ಬೆಲೆ 5 ಕೋಟಿ ರೂಪಾಯಿ ಮೀರದವರಿಗೆ ಇದು; 5 ಕೋಟಿಯಿಂದ 50 ಕೋಟಿಯವರೆಗಿನವರಿಗೆ 'ಭಾರತ್ ಲಘು ಉದ್ಯಮ್ ಸುರಕ್ಷಾ'. ಬೆಲೆಯಲ್ಲಿ ಶೇಕಡಾ 15ರವರೆಗಿನ ಕೊರತೆಯನ್ನು ಇವುಗಳಲ್ಲಿ ಮನ್ನಿಸಲಾಗುತ್ತದೆ. ಅರ್ಧದಷ್ಟು ಕೊರತೆಗೆ ಮಾತ್ರ ಅಲ್ಲಿಯೂ ಕ್ಷಮೆಯಿಲ್ಲ.

ಮಾಲು ಇರುವ ಸ್ಥಳದ ವಿಳಾಸವೂ ಬೆಲೆಯಷ್ಟೇ ಮುಖ್ಯ. ಹೊಸ ಉಗ್ರಾಣ ಹಿಡಿದು ಮಾಲನ್ನು ಅಲ್ಲಿಗೆ ಸಾಗಿಸಿ, ಪಾಲಿಸಿಯಲ್ಲಿ ಹಳೆಯ ವಿಳಾಸವನ್ನೇ ಉಳಿಸಿದರೆ, ಕಂತು ಕಟ್ಟಿಯೂ ಫಲವಿಲ್ಲದಂತಾದೀತು. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಜಿಲ್ಲೆಯ ಹಳ್ಳಿಗಳು ನೀರಿನಲ್ಲಿ ನಿಂತುದನ್ನು ಕಂಡವರಿಗೆ ಉಗ್ರಾಣ ಯಾವ ತಗ್ಗಿನಲ್ಲಿದೆ ಎಂಬುದರ ಮಹತ್ವವನ್ನು ವಿವರಿಸಬೇಕಾಗಿಲ್ಲ.

ಗಣಿಯಲ್ಲಿ ದುಡಿಯುವ ಕೈ

ಮಾಲಿಗಿಂತ ಮನುಷ್ಯ ದೊಡ್ಡವನಷ್ಟೆ. ಕೆಲಸದಲ್ಲಿ ಅಪಘಾತಕ್ಕೀಡಾದ ಕಾರ್ಮಿಕನಿಗೆ ಪರಿಹಾರ ಕೊಡಬೇಕೆಂಬ ಕಾಯಿದೆ 1923ರಲ್ಲಿಯೇ ಬಂದಿತು. ಅದರ ತತ್ತ್ವಗಳು 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿಕೊಂಡಿವೆ. ಇ.ಎಸ್.ಐ. ಯೋಜನೆಗೆ ಒಳಪಡದ ಕೆಲಸಗಾರನು ಕೆಲಸದಲ್ಲಿ ಮೃತನಾದರೆ, ಅವನ ತಿಂಗಳ ಸಂಬಳದ ಅರ್ಧವನ್ನು ವಯಸ್ಸಿಗೆ ಗೊತ್ತುಪಡಿಸಿದ ಅಂಕದಿಂದ ಗುಣಿಸಬೇಕು. 40 ವರ್ಷದವನಿಗೆ ಆ ಅಂಕ 184.17. ಸಂಬಳ 15,000 ರೂಪಾಯಿ ಎಂದಿಟ್ಟುಕೊಂಡರೆ ಪರಿಹಾರ 13,81,275 ರೂಪಾಯಿ. ಯಜಮಾನನ ತಪ್ಪಿತ್ತೇ ಇಲ್ಲವೇ ಎಂಬ ಪ್ರಶ್ನೆ ಇಲ್ಲಿ ಬರುವುದಿಲ್ಲ. ಆಳು ಗುತ್ತಿಗೆದಾರನ ಕಡೆಯವನೆಂದು ಹೇಳಿ ಜಾರಿಕೊಳ್ಳುವಂತೆಯೂ ಇಲ್ಲ. ಸಣ್ಣ ಗಣಿಯವನು ಇಷ್ಟು ಹಣವನ್ನು ಒಮ್ಮೆಗೇ ಎಲ್ಲಿಂದ ತಂದಾನು? ತರಲಾರದೆ ಹೋದರೆ ಎರಡು ಮನೆಗಳು ಮುಳುಗುತ್ತವೆ: ಸತ್ತವನದು ಮೊದಲು, ಯಜಮಾನನದು ಆಮೇಲೆ. ಕಾರ್ಮಿಕರ ಪರಿಹಾರ ವಿಮೆಯ ಕಂತು ಈ ಎರಡೂ ಮನೆಗಳನ್ನು ಕಾಯುವ ಖರ್ಚು.

ಯುವಕರಿಗೊಂದು ದಾರಿ

ಪದವಿ ಮುಗಿಸಿದ ಮಕ್ಕಳ ಮುಂದಿನ ದಾರಿಯೇನೆಂದು ಚಿಂತಿಸುವ ತಂದೆತಾಯಿಗಳು ಈ ಕ್ಷೇತ್ರವನ್ನು ಒಮ್ಮೆ ನೋಡಬೇಕು. ವಿಮೆಯೆಂದೊಡನೆ ನೆಂಟರ ಮನೆ ಬಾಗಿಲು ತಟ್ಟುವ ಏಜೆಂಟನ ಚಿತ್ರ ಮಾತ್ರ ಮನಸ್ಸಿಗೆ ಬರುವುದು ಸರಿಯಲ್ಲ. ಸಾಮಾನ್ಯ ವಿಮೆ 1973ರ ಜನವರಿ 1ರಿಂದ ರಾಷ್ಟ್ರೀಕರಣಗೊಂಡು, 107 ವಿಮೆಗಾರರ ವ್ಯವಹಾರ ನಾಲ್ಕು ಸರಕಾರಿ ಕಂಪನಿಗಳಲ್ಲಿ ಸೇರಿತು. 2000ದಿಂದ ಖಾಸಗಿ ಕಂಪನಿಗಳೂ ಮತ್ತೆ ಬಂದವು. ಹೀಗೆ ಅಪಾಯವನ್ನು ಅಳೆಯುವವರು, ದಲ್ಲಾಳಿಗಳು, ಪರಿಹಾರ ಇತ್ಯರ್ಥ ಮಾಡುವವರು ಎಂದು ಅನೇಕ ಬಗೆಯ ಕೆಲಸಗಳು ಹುಟ್ಟಿವೆ.

ಇವುಗಳಲ್ಲಿ ನಮ್ಮ ಭಾಗಕ್ಕೆ ಹೇಳಿ ಮಾಡಿಸಿದಂಥದು ಸರ್ವೇಯರ್ ವೃತ್ತಿ. ಇವನು ಹೊಲ ಅಳೆಯುವವನಲ್ಲ, ನಷ್ಟವನ್ನು ಅಳೆಯುವವನು. ಗೊತ್ತಾದ ಮೊತ್ತವನ್ನು ಮೀರಿದ ನಷ್ಟಕ್ಕೆ ಇವನ ವರದಿ ಬೇಕೆಂದು 1938ರ ವಿಮಾ ಕಾಯಿದೆಯೇ ಹೇಳುತ್ತದೆ. ಇಂಜಿನಿಯರಿಂಗ್ ಪದವಿ ಇಲ್ಲವೆ ಡಿಪ್ಲೊಮಾ ಪಡೆದವರು, ಚಾರ್ಟರ್ಡ್ ಅಕೌಂಟೆಂಟರು ಮೊದಲಾದವರು ಅನುಭವಿಯಾದ ಸರ್ವೇಯರರ ಕೈಕೆಳಗೆ ಸಾಮಾನ್ಯವಾಗಿ ಒಂದು ವರ್ಷ ತರಬೇತಿ ಪಡೆದು, ಪರೀಕ್ಷೆ ಮುಗಿಸಿ, ಪರವಾನಗಿ ಪಡೆಯಬಹುದು. 1955ರಲ್ಲಿ ಸ್ಥಾಪಿತವಾದ ಮುಂಬಯಿಯ ಭಾರತೀಯ ವಿಮಾ ಸಂಸ್ಥೆ ಮೂರು ಹಂತದ ಪರೀಕ್ಷೆಗಳನ್ನು ನಡೆಸುತ್ತದೆ. ಪರವಾನಗಿ ಕೊಡುವ ನಿಯಂತ್ರಣ ಪ್ರಾಧಿಕಾರದ ಕೇಂದ್ರ ಕಚೇರಿ ಹೈದರಾಬಾದಿನಲ್ಲಿದೆ. ವಾಡಿಯಿಂದ ಚಿತ್ತಾಪುರ, ಸೇಡಮ್ಮಿನ ಮೂಲಕ ಸಿಕಂದರಾಬಾದಿಗೆ 1874ರಲ್ಲಿ ಹಾಕಿದ ರೈಲು ದಾರಿ ಅತ್ತ ಕಡೆಗೇ ಹೋಗುತ್ತದೆ.

ಈ ಕೆಲಸಕ್ಕೆ ಯಂತ್ರದ ಜ್ಞಾನವೂ ಲೆಕ್ಕದ ಜ್ಞಾನವೂ ಬೇಕು. ಅವೆರಡಕ್ಕಿಂತ ಪ್ರಾಮಾಣಿಕತೆ ಹೆಚ್ಚು ಬೇಕು. ಸರ್ವೇಯರನು ಕಂಪನಿಯ ಕಡೆಗೂ ವಾಲಬಾರದು, ಕಷ್ಟದಲ್ಲಿರುವವನ ಕಡೆಗೂ ವಾಲಬಾರದು. ಒದ್ದೆಯಾದ ತೊಗರಿಯಲ್ಲಿ ಎಷ್ಟು ಮಾರಲು ಬಂದೀತು, ಸೀಳಿದ ಹಾಸುಗಲ್ಲಿನ ಬೆಲೆಯೇನು ಎಂಬುದನ್ನು ಈ ನೆಲದಲ್ಲಿ ಬೆಳೆದವನು ಸುಲಭವಾಗಿ ತಿಳಿದಾನು. ನಷ್ಟಕ್ಕೊಳಗಾದವನೊಡನೆ ಅವನ ಮಾತಿನಲ್ಲಿಯೇ ಮಾತಾಡುವ ಅನುಕೂಲವೂ ಅವನಿಗುಂಟು.

ವರ್ತಕರಾದ ಓದುಗರು ಇಂದು ಸಂಜೆ ಪೆಟ್ಟಿಗೆಯಿಂದ ಪಾಲಿಸಿಯನ್ನು ತೆಗೆದು ಮೂರು ಸಾಲು ಓದಲಿ: ಬೆಲೆ, ವಿಳಾಸ, ಆಳುಗಳ ಸಂಖ್ಯೆ. ಮನೆಯಲ್ಲಿ ಓದಿದ ಮಗನೋ ಮಗಳೋ ಇದ್ದರೆ ಜತೆಗೆ ಕೂಡಿಸಿಕೊಳ್ಳಲಿ. ಮೂರರಲ್ಲಿ ಒಂದು ತಪ್ಪಿದ್ದರೂ ತಿದ್ದಿಸಲು ನಾಳೆಯೇ ಒಳ್ಳೆಯ ದಿನ.