ಕಿರಣಗಳು ಕೂಡುವ ಜಾಗ

ಬೆಳಿಗ್ಗೆ ಎಲ್ಲಕ್ಕಿಂತ ಮೊದಲು ಆಗಬೇಕಾದ ಕೆಲಸ ಚೌಕಟ್ಟು ಕೂರಿಸುವುದು. ರೋಗಿಯನ್ನು ಕುರ್ಚಿಯಲ್ಲಿ ಕೂರಿಸಿ, ಹಣೆಯ ಎರಡು ಬದಿ ಮತ್ತು ಹಿಂದಲೆಯ ಎರಡು ಬದಿಗೆ ಔಷಧ ಒರೆಸಿ, ಹಲ್ಲು ಕೀಳುವಾಗ ಕೊಡುವಂಥದೇ ಮರಗಟ್ಟಿಸುವ ಇಂಜೆಕ್ಷನ್ ಕೊಡುತ್ತಾರೆ. ಆಮೇಲೆ ಲೋಹದ ಹಗುರ ಚೌಕಟ್ಟನ್ನು ತಲೆಯ ಸುತ್ತ ಹಿಡಿದು, ನಾಲ್ಕು ತಿರುಪುಗಳನ್ನು ಎದುರುಬದುರಾಗಿ ಒಟ್ಟೊಟ್ಟಿಗೇ ಬಿಗಿಯುತ್ತಾರೆ. ತಿರುಪಿನ ಚೂಪು ತುದಿ ಚರ್ಮ ದಾಟಿ ಬುರುಡೆಯ ಹೊರಪದರಕ್ಕೆ ಆತು ನಿಲ್ಲುತ್ತದೆ, ಅದರಾಚೆ ಹೋಗುವುದಿಲ್ಲ. ಕೆಲವು ನಿಮಿಷ ತಲೆಯನ್ನು ಯಾರೋ ಬಲವಾಗಿ ಅದುಮಿ ಹಿಡಿದಂತಿರುತ್ತದೆ, ಬರಬರುತ್ತಾ ಅದು ಕಡಿಮೆಯಾಗುತ್ತದೆ. ಕೂದಲು ಬೋಳಿಸುವುದಿಲ್ಲ, ಪ್ರಜ್ಞೆ ತಪ್ಪಿಸುವುದೂ ಇಲ್ಲ. ಹೊರಗೆ ಕಾದು ನಿಂತ ಮನೆಯವರು ಚೌಕಟ್ಟು ಹೊತ್ತ ತಲೆಯನ್ನು ಕಂಡು ಕಂಗಾಲಾಗುತ್ತಾರೆ. ರೋಗಿಯೇ ಅವರಿಗೆ ಧೈರ್ಯ ಹೇಳಬೇಕಾಗುತ್ತದೆ.

ಮಿದುಳಿನಲ್ಲಿ ಗಡ್ಡೆ ಅಂದ ಕೂಡಲೇ ನಮ್ಮ ಜನರ ಕಣ್ಣ ಮುಂದೆ ಬರುವುದು ಎರಡು ಚಿತ್ರ: ತಲೆ ಬಿಚ್ಚಿ ಮಾಡುವ ಆಪರೇಷನ್, ಇಲ್ಲವೇ ವಾರಗಟ್ಟಲೆ ಆಸ್ಪತ್ರೆಗೆ ಅಲೆದು ಕರೆಂಟು ಕೊಡಿಸಿಕೊಳ್ಳುವುದು. ಇವೆರಡೂ ಅಲ್ಲದ ಇನ್ನೊಂದು ದಾರಿ ಅರ್ಧ ಶತಮಾನಕ್ಕೂ ಹಿಂದಿನಿಂದಲೇ ಇದೆ. ವೈದ್ಯರು ಅದನ್ನು ಸ್ಟೀರಿಯೋಟ್ಯಾಕ್ಟಿಕ್ ರೇಡಿಯೋಸರ್ಜರಿ ಎನ್ನುತ್ತಾರೆ. ಆ ದಾರಿಯ ಹಿರಿಯ ಯಂತ್ರವೇ ಗಾಮಾ ನೈಫ್. ಬುರುಡೆಗೆ ರಂಧ್ರವನ್ನೂ ಕೊರೆಯದೆ, ಮಿದುಳಿನೊಳಗಿನ ಒಂದು ಚಿಕ್ಕ ಜಾಗಕ್ಕೆ ಒಂದೇ ದಿನದಲ್ಲಿ ಭಾರಿ ಪ್ರಮಾಣದ ವಿಕಿರಣ ಮುಟ್ಟಿಸುವ ವಿಧಾನ ಅದು. ಸಂಜೆ ಚೌಕಟ್ಟು ಬಿಚ್ಚುತ್ತಾರೆ. ಬಹುಪಾಲು ರೋಗಿಗಳು ಅಂದೇ ಅಥವಾ ಮರುದಿನ ಮನೆಗೆ ಹೊರಡುತ್ತಾರೆ.

ಈ ಚಿಕಿತ್ಸೆಯ ಮಾತು ಬಂದಾಗ ಎಲ್ಲರೂ ಕಿರಣಗಳನ್ನು ಹೊಗಳುತ್ತಾರೆ. ಆದರೆ ಕಿರಣ ಎಲ್ಲ ರೇಡಿಯೇಷನ್ ವಿಭಾಗದಲ್ಲೂ ಇದೆ. ಇಲ್ಲಿ ಜೀವ ಕಾಯುವುದು ಆ ಚೌಕಟ್ಟು. ಅದರ ಮೈಮೇಲೆ ಮಿಲಿಮೀಟರ್ ಗೆರೆಗಳಿವೆ. ಎಡ–ಬಲ, ಹಿಂದು–ಮುಂದು, ಮೇಲೆ–ಕೆಳಗೆ ಎಂದು ಮೂರು ಅಂಕಿ ಹೇಳಿದರೆ ಮಿದುಳಿನ ಯಾವ ಬಿಂದು ಎಂಬುದು ಗೊತ್ತಾಗಿಬಿಡುತ್ತದೆ. ಚೌಕಟ್ಟಿನ ನಟ್ಟನಡುವಿನ ಬಿಂದುವಿನ ವಿಳಾಸ 100, 100, 100. ಚೌಕಟ್ಟಿನ ಮೇಲೆ ಒಂದು ಪೆಟ್ಟಿಗೆ ಕೂರಿಸಿ ಎಂಆರ್‌ಐ ತೆಗೆಯುತ್ತಾರೆ. ಪೆಟ್ಟಿಗೆಯ ಗೋಡೆಯಲ್ಲಿರುವ ಗುರುತುಗಳು ಪ್ರತಿ ಚಿತ್ರದ ಅಂಚಿನಲ್ಲೂ ಚುಕ್ಕಿಗಳಾಗಿ ಮೂಡುತ್ತವೆ. ಆ ಚುಕ್ಕಿಗಳ ನಡುವಿನ ಅಂತರದಿಂದಲೇ ಗಡ್ಡೆಯ ವಿಳಾಸ ಲೆಕ್ಕಕ್ಕೆ ಸಿಗುತ್ತದೆ. ತಲೆ ಅಲುಗಾಡುವಂತಿಲ್ಲ, ಲೆಕ್ಕ ತಪ್ಪುವಂತಿಲ್ಲ. ಯಂತ್ರದ ನಿಖರತೆ ಅರ್ಧ ಮಿಲಿಮೀಟರಿಗಿಂತಲೂ ಸೂಕ್ಷ್ಮ.

ಇದನ್ನು ಕಟ್ಟಿ ನಿಲ್ಲಿಸಿದವರು ಸ್ವೀಡನ್ನಿನ ನರಶಸ್ತ್ರಚಿಕಿತ್ಸಕ ಲಾರ್ಸ್ ಲೆಕ್ಸೆಲ್ (1907–1986). ಸ್ಟಾಕ್‌ಹೋಮಿನಲ್ಲಿ ಹರ್ಬರ್ಟ್ ಒಲಿವೆಕ್ರೋನಾ ಎಂಬ ದೊಡ್ಡ ಸರ್ಜನ್ ಕೈಕೆಳಗೆ ಪಳಗಿದವರು. ಬೆನ್ನುಮೂಳೆಯ ಆಪರೇಷನ್ನಿನಲ್ಲಿ ಎಲುಬನ್ನು ಚೂರುಚೂರಾಗಿ ಕಚ್ಚಿ ತೆಗೆಯುವ ಒಂದು ಇಕ್ಕಳಕ್ಕೆ ಇವತ್ತಿಗೂ ಅವರದೇ ಹೆಸರು. ಆ ಕಾಲದಲ್ಲಿ ಮಿದುಳಿನ ಆಳದ ಆಪರೇಷನ್ ಎಂದರೆ ರೋಗಿ ಬದುಕಿದರೂ ಮಾತೋ ನಡಿಗೆಯೋ ಕೈಬಿಡುವ ಭಯ. ಆಳಕ್ಕೆ ತಲುಪಲು ಮೇಲಿನ ಒಳ್ಳೆಯ ಮಿದುಳನ್ನು ಸರಿಸಿಕೊಂಡೇ ಹೋಗಬೇಕು. 1949ರಲ್ಲಿ ಲೆಕ್ಸೆಲ್ ತಮ್ಮ ಚೌಕಟ್ಟಿನ ವಿವರ ಪ್ರಕಟಿಸಿದರು. ಅದಕ್ಕೊಂದು ಅರ್ಧವೃತ್ತದ ಕಮಾನು ಇತ್ತು. ಕಮಾನಿನ ಯಾವ ಮೂಲೆಯಿಂದ ಸೂಜಿ ಇಳಿಸಿದರೂ ಅದು ತಲುಪುವುದು ನಡುವಿನ ಅದೇ ಬಿಂದುವಿಗೆ. ಹಾಗಿದ್ದ ಮೇಲೆ ಸೂಜಿಯೇ ಯಾಕೆ ಬೇಕು, ಅದರ ಜಾಗದಲ್ಲಿ ವಿಕಿರಣ ಹಾಯಿಸಿದರೆ ಆಗದೇ ಎಂದು ಅವರು ಕೇಳಿಕೊಂಡರು. 1951ರಲ್ಲಿ ಆ ಪ್ರಶ್ನೆಯನ್ನೇ ಒಂದು ಪ್ರಬಂಧವಾಗಿಸಿ ರೇಡಿಯೋಸರ್ಜರಿ ಎಂಬ ಹೆಸರನ್ನು ಜಗತ್ತಿಗೆ ಕೊಟ್ಟರು. ಆಗ ಸಿ.ಟಿ. ಸ್ಕ್ಯಾನ್ ಇಲ್ಲ, ಎಂಆರ್‌ಐ ಇಲ್ಲ, ಕಂಪ್ಯೂಟರಿನ ನೆರವೂ ಇಲ್ಲ. ಆ ಧೈರ್ಯ ನೆನೆದಾಗಲೆಲ್ಲ ನನಗೆ ಆ ಮನುಷ್ಯನ ಮೇಲಿನ ಗೌರವ ಹೆಚ್ಚುತ್ತದೆ.

ಮೊದಲು ಕಮಾನಿಗೆ ಎಕ್ಸ್-ರೇ ಕೊಳವೆ ಕಟ್ಟಿ ನೋಡಿದರು. ಆಳಕ್ಕೆ ಬೇಕಾದಷ್ಟು ಶಕ್ತಿ ಅದಕ್ಕಿರಲಿಲ್ಲ. ಆಮೇಲೆ ಉಪ್ಸಾಲಾದ ಭೌತವಿಜ್ಞಾನಿ ಬೋರ್ಯೆ ಲಾರ್ಸನ್ ಜತೆ ಸೇರಿ ಸೈಕ್ಲೋಟ್ರಾನಿನ ಪ್ರೋಟಾನ್ ಕಿರಣಗಳ ಮೇಲೆ ವರ್ಷಗಟ್ಟಲೆ ದುಡಿದರು. ಪ್ರೋಟಾನ್ ಚೆನ್ನಾಗಿಯೇ ಕೆಲಸ ಮಾಡಿತು, ಆದರೆ ಸೈಕ್ಲೋಟ್ರಾನನ್ನು ಆಸ್ಪತ್ರೆಯೊಳಗೆ ತಂದಿಡುವುದು ಆಗದ ಮಾತು. ಕೊನೆಗೆ ಇಬ್ಬರೂ ಕೋಬಾಲ್ಟ್-60ಕ್ಕೆ ಬಂದರು. 1967–68ರ ಹೊತ್ತಿಗೆ ಮೊದಲ ಗಾಮಾ ನೈಫ್ ಸಿದ್ಧವಾಗಿ ಸ್ಟಾಕ್‌ಹೋಮಿನ ಸೋಫಿಯಾಹೆಮ್ಮೆಟ್ ಆಸ್ಪತ್ರೆಯಲ್ಲಿ ನೆಲೆಯಾಯಿತು. ಅದರಲ್ಲಿ 179 ಕೋಬಾಲ್ಟ್ ಮೂಲಗಳಿದ್ದವು. ಮುಂದೆ ಬಂದ ಮಾದರಿಗಳಲ್ಲಿ 201, 2006ರಲ್ಲಿ ಬಂದ ಪರ್ಫೆಕ್ಷನ್ ಮಾದರಿಯಲ್ಲಿ 192.

ಇಷ್ಟೊಂದು ಮೂಲಗಳು ಯಾಕೆ ಎಂಬುದರಲ್ಲೇ ಯಂತ್ರದ ಗುಟ್ಟಿದೆ. ತೇರಿನ ಹಗ್ಗಕ್ಕೆ ಕೈ ಹಚ್ಚಿದ ನೂರಾರು ಜನರಲ್ಲಿ ಒಬ್ಬೊಬ್ಬರ ಬಲಕ್ಕೆ ಗಾಲಿ ಕದಲುವುದಿಲ್ಲ, ಎಲ್ಲರ ಬಲ ಕೂಡಿದಾಗ ತೇರು ಹೊರಡುತ್ತದೆ. ಇಲ್ಲಿಯೂ ಹಾಗೆ. 192 ಎಳೆ ಕಿರಣಗಳು 192 ದಿಕ್ಕಿನಿಂದ ತಲೆಯೊಳಗೆ ಹಾಯುತ್ತವೆ. ಹಾದಿಯಲ್ಲಿ ಸಿಗುವ ಒಳ್ಳೆಯ ಮಿದುಳಿಗೆ ಒಂದೊಂದು ಎಳೆಯಿಂದ ಆಗುವ ಪೆಟ್ಟು ಅಲ್ಪ. ಎಲ್ಲವೂ ಕೂಡುವ ಆ ಒಂದು ಜಾಗದಲ್ಲಿ ಮಾತ್ರ ಪ್ರಮಾಣ ಏರಿ, ಕೆಲವೇ ಮಿಲಿಮೀಟರ್ ಆಚೆ ಕಡಿದಾಗಿ ಇಳಿದುಬಿಡುತ್ತದೆ. ಕಿರಣದ ದಪ್ಪವನ್ನು 4, 8, 16 ಮಿಲಿಮೀಟರ್ ಎಂದು ಬದಲಿಸಿಕೊಳ್ಳಬಹುದು. ಗಡ್ಡೆ ದುಂಡಗೇ ಇರಬೇಕೆಂದೇನಿಲ್ಲವಲ್ಲ, ಹಾಗಾಗಿ ಸಣ್ಣ ದೊಡ್ಡ ಗೋಲಗಳನ್ನು ಒತ್ತೊತ್ತಾಗಿ ಜೋಡಿಸಿ ಅದರ ಆಕಾರವನ್ನೇ ತುಂಬಿಸುತ್ತಾರೆ.

ಈ ಜೋಡಣೆ ಕಂಪ್ಯೂಟರ್ ಮುಂದೆ ಕೂತು ಮಾಡುವ ಕೆಲಸ. ನರಶಸ್ತ್ರಚಿಕಿತ್ಸಕರು, ರೇಡಿಯೇಷನ್ ವೈದ್ಯರು, ಮೆಡಿಕಲ್ ಫಿಸಿಸಿಸ್ಟ್ ಮೂವರೂ ಒಂದೇ ಪರದೆ ನೋಡುತ್ತಾ ಗೆರೆಗಳನ್ನು ತಿದ್ದುತ್ತಾರೆ. ಕೊಡಬೇಕಾದ ಪ್ರಮಾಣ ಎಲ್ಲಿಯವರೆಗೆ ತಲುಪುತ್ತದೆಂದು ತೋರಿಸುವ ಹಳದಿ ಗೆರೆ ಗಡ್ಡೆಯ ಅಂಚಿಗೆ ಅಂಟಿಕೊಂಡಂತೆ ಬರಬೇಕು. ಪಕ್ಕದಲ್ಲೇ ಕಣ್ಣಿನ ನರ ಹಾದು ಹೋಗಿದ್ದರೆ ಅದಕ್ಕೆ ತಗಲುವ ಪ್ರಮಾಣ 8–10 ಗ್ರೇ (ವಿಕಿರಣ ಅಳೆಯುವ ಮಾನ) ದಾಟಬಾರದು. ಒಂದು ಗೋಲವನ್ನು ಅರ್ಧ ಮಿಲಿಮೀಟರ್ ಸರಿಸುವುದು, ಇನ್ನೊಂದನ್ನು ಕೈಬಿಡುವುದು, ಮತ್ತೆ ನೋಡುವುದು. ಗಂಟೆಗಳೇ ಹಿಡಿಯಬಹುದು. ಮೆಡಿಕಲ್ ಫಿಸಿಸಿಸ್ಟ್‌ಗಳ ಹೆಸರು ರೋಗಿಗಳಿಗೆ ಗೊತ್ತೇ ಇರುವುದಿಲ್ಲ. ಗೊತ್ತಿರಬೇಕು ಎಂಬುದು ನನ್ನ ಆಸೆ.

ಯೋಜನೆ ಮುಗಿದ ಮೇಲೆ ರೋಗಿ ಮಂಚದ ಮೇಲೆ ಅಂಗಾತ ಮಲಗುತ್ತಾರೆ. ಚೌಕಟ್ಟನ್ನು ಮಂಚಕ್ಕೆ ಸಿಕ್ಕಿಸುತ್ತಾರೆ. ಸುಮಾರು 20 ಟನ್ ತೂಗುವ ಯಂತ್ರದ ಬಾಗಿಲು ತೆರೆಯುತ್ತದೆ, ಮಂಚ ಮೆಲ್ಲಗೆ ಒಳಗೆ ಸರಿಯುತ್ತದೆ. ನೋವಿಲ್ಲ, ಬಿಸಿ ಇಲ್ಲ, ಬೆಳಕೂ ಕಾಣುವುದಿಲ್ಲ. ಹೊರಗಿನವರು ಕ್ಯಾಮೆರಾದಲ್ಲಿ ನೋಡುತ್ತಾ ಮೈಕಿನಲ್ಲಿ ಮಾತಾಡಿಸುತ್ತಿರುತ್ತಾರೆ. ಕಾಯಿಲೆ ನೋಡಿಕೊಂಡು ಅರ್ಧ ಗಂಟೆಯಿಂದ ಹಲವು ಗಂಟೆ ಹಿಡಿಯಬಹುದು. ಕೋಬಾಲ್ಟಿನ ವಯಸ್ಸಿನ ಮೇಲೂ ಅದು ನಿಂತಿದೆ. 5.27 ವರ್ಷಕ್ಕೆ ಅದರ ಶಕ್ತಿ ಅರ್ಧಕ್ಕಿಳಿಯುವುದರಿಂದ, ಹೊಸ ಮೂಲಗಳಿದ್ದಾಗ ಅರ್ಧ ಗಂಟೆಯಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಐದು ವರ್ಷದ ಮೇಲೆ ಒಂದು ಗಂಟೆ ಬೇಕು.

ಯಾರಿಗೆ ಇದರಿಂದ ಉಪಯೋಗ? ಕಿವಿಯ ನರದ ಮೇಲೆ ಬೆಳೆಯುವ ಶ್ವಾನೋಮಾ, ಮಿದುಳಿನ ಹೊದಿಕೆಯಿಂದ ಹುಟ್ಟುವ ಮೆನಿಂಜಿಯೋಮಾ, ಪಿಟ್ಯುಟರಿ ಗ್ರಂಥಿಯ ಗಡ್ಡೆಯಲ್ಲಿ ಆಪರೇಷನ್ ಆದ ಮೇಲೂ ಉಳಿದ ಚೂರು, ಇವೆಲ್ಲ ಇದರ ಪಟ್ಟಿಯಲ್ಲಿವೆ. ಹೆಚ್ಚಿನವು ಕ್ಯಾನ್ಸರ್ ಅಲ್ಲ, ನಿಧಾನವಾಗಿ ಬೆಳೆಯುವಂಥವು. ಶ್ವಾನೋಮಾದ ಅಂಚಿಗೆ ಒಂದೇ ಸಲಕ್ಕೆ 12–13 ಗ್ರೇ ಕೊಡುತ್ತಾರೆ. ಸಾಮಾನ್ಯ ರೇಡಿಯೇಷನ್‌ನಲ್ಲಿ ದಿನಕ್ಕೆ 2 ಗ್ರೇ ಆಸುಪಾಸು ಕೊಡುವುದು ರೂಢಿ. ಶ್ವಾನೋಮಾಕ್ಕೆ ಹೀಗೆ ಒಂದೇ ಸಲದ ಚಿಕಿತ್ಸೆ ಪಡೆದ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಜನರಲ್ಲಿ ಗಡ್ಡೆಯ ಬೆಳವಣಿಗೆ ನಿಲ್ಲುತ್ತದೆ.

ನನ್ನ ಮನಸ್ಸಿಗೆ ಹೆಚ್ಚು ನಾಟಿದ್ದು ಗಡ್ಡೆಯೇ ಅಲ್ಲದ ಒಂದು ಕಾಯಿಲೆ, ಟ್ರೈಜೆಮಿನಲ್ ನ್ಯೂರಾಲ್ಜಿಯಾ. ಮುಖದ ಒಂದು ಬದಿಗೆ ಕರೆಂಟು ಹೊಡೆದಂಥ ನೋವು. ಹಲ್ಲುಜ್ಜಿದರೆ, ಮುಖ ತೊಳೆದರೆ, ಫ್ಯಾನಿನ ಗಾಳಿ ಕೆನ್ನೆಗೆ ತಾಗಿದರೂ ಸಾಕು, ಜೀವ ಬಾಯಿಗೆ ಬರುತ್ತದೆ. ಎಷ್ಟೋ ಜನ ಇದನ್ನು ಹಲ್ಲುನೋವೆಂದೇ ತಿಳಿದು ಒಂದರ ಹಿಂದೊಂದು ಹಲ್ಲು ಕೀಳಿಸಿಕೊಂಡು, ನೋವನ್ನು ಹಾಗೇ ಇಟ್ಟುಕೊಂಡು ಬರುತ್ತಾರೆ. ಬಹುಮಟ್ಟಿಗೆ ಕಾರಣ ಮಿದುಳುಕಾಂಡದ ಹತ್ತಿರ ನರಕ್ಕೆ ತಾಗಿ ಮಿಡಿಯುವ ಒಂದು ರಕ್ತನಾಳ. ಮೊದಲು ಕಾರ್ಬಮಜೆಪೀನ್ ಮಾತ್ರೆ. ಅದು ಸಾಲದಿದ್ದರೆ, ದೇಹ ತಡೆದುಕೊಳ್ಳುವವರಿಗೆ ನಾಳವನ್ನು ನರದಿಂದ ಬಿಡಿಸುವ ಆಪರೇಷನ್ ಒಳ್ಳೆಯದು. ವಯಸ್ಸಾದವರು, ಹೃದಯದ ತೊಂದರೆ ಇರುವವರು ಏನು ಮಾಡಬೇಕು? ಅಂಥವರಿಗೆ ನರದ ಬುಡಕ್ಕೆ 4 ಮಿಲಿಮೀಟರಿನ ಒಂದೇ ಗೋಲ, ನಡುವಿನಲ್ಲಿ 80–90 ಗ್ರೇ. ನೋವು ಅಂದೇ ಹೋಗುವುದಿಲ್ಲ. ಕೆಲವು ವಾರ, ಒಮ್ಮೊಮ್ಮೆ ಕೆಲವು ತಿಂಗಳು ಕಾಯಬೇಕು. ಕೆಲವರಿಗೆ ಕೆನ್ನೆ ಜೋಮು ಹಿಡಿದಂತಾಗುತ್ತದೆ, ಕೆಲವರಿಗೆ ವರ್ಷಗಳ ಮೇಲೆ ನೋವು ಮರುಕಳಿಸುತ್ತದೆ. ಲೆಕ್ಸೆಲ್ 1953ರಲ್ಲಿ ಎಕ್ಸ್-ರೇ ಕೊಳವೆಯಿಂದ ಮೊದಮೊದಲು ಚಿಕಿತ್ಸೆ ಕೊಟ್ಟದ್ದೂ ಇದೇ ನೋವಿಗೆ.

ಕಾಯುವ ಮಾತು ಇನ್ನೂ ಗಟ್ಟಿಯಾಗಿ ಹೇಳಬೇಕಾದದ್ದು ಎವಿಎಂ ವಿಚಾರದಲ್ಲಿ. ಅಪಧಮನಿಗಳೂ ಅಭಿಧಮನಿಗಳೂ ಹುಟ್ಟಿನಿಂದಲೇ ಗಂಟು ಹಾಕಿಕೊಂಡಿರುವ ರಕ್ತನಾಳದ ಸಿಕ್ಕು ಅದು. ಒಡೆದರೆ ಮಿದುಳಿನೊಳಗೆ ರಕ್ತಸ್ರಾವ. ಹರೆಯದವರಲ್ಲೂ ಹೀಗಾಗುವುದುಂಟು. ವಿಕಿರಣ ಬಿದ್ದ ಮೇಲೆ ಆ ನಾಳಗಳ ಒಳಗೋಡೆ ಬರಬರುತ್ತಾ ದಪ್ಪವಾಗಿ, ದಾರಿ ಕಿರಿದಾಗಿ, ಮುಚ್ಚಿಕೊಳ್ಳುತ್ತದೆ. ಇದಕ್ಕೆ ಎರಡು–ಮೂರು ವರ್ಷ ಬೇಕು. ಪೂರ್ತಿ ಮುಚ್ಚುವ ತನಕ ರಕ್ತಸ್ರಾವದ ಅಪಾಯ ಇದ್ದೇ ಇರುತ್ತದೆ. ಇದನ್ನು ರೋಗಿಗೂ ಮನೆಯವರಿಗೂ ಮೊದಲ ದಿನವೇ ಕೂರಿಸಿಕೊಂಡು ಹೇಳಬೇಕು. ಒಂದು ದಿನದಲ್ಲಿ ಚಿಕಿತ್ಸೆ ಎಂದು ಜಾಹೀರಾತು ಮಾಡುವವರು, ಗುಣವಾಗಲು ವರ್ಷಗಳು ಬೇಕೆಂಬುದನ್ನೂ ಅಷ್ಟೇ ದೊಡ್ಡ ಅಕ್ಷರದಲ್ಲಿ ಬರೆಯಬೇಕು.

ಎಲ್ಲರಿಗೂ ಇದು ಹೊಂದುವುದಿಲ್ಲ. ಗಡ್ಡೆ ಸಾಧಾರಣವಾಗಿ 3 ಸೆಂಟಿಮೀಟರಿಗಿಂತ ದೊಡ್ಡದಿದ್ದರೆ ಒಂದೇ ಸಲಕ್ಕೆ ಅಷ್ಟು ವಿಕಿರಣ ಕೊಡುವುದು ಅಪಾಯ. ತಲೆಯೊಳಗೆ ಒತ್ತಡ ಏರಿ ವಾಂತಿ, ಮಂಪರು ಶುರುವಾಗಿದ್ದರೆ ತೆರೆದು ತೆಗೆಯುವುದೇ ಸರಿ, ಅಲ್ಲಿ ಕಾಯಲು ಸಮಯವಿಲ್ಲ. ಗ್ಲಿಯೋಬ್ಲಾಸ್ಟೋಮಾದಂಥ ಗಡ್ಡೆಗಳು ಬೇರು ಬಿಟ್ಟಂತೆ ಸುತ್ತಲಿನ ಮಿದುಳಿನಲ್ಲಿ ಹಬ್ಬಿರುವುದರಿಂದ, ಅವುಗಳ ಮೊದಲ ಚಿಕಿತ್ಸೆಯಾಗಿ ಇದು ನಿಲ್ಲುವುದಿಲ್ಲ. ಚಿಕಿತ್ಸೆಯಾದ ತಿಂಗಳುಗಳ ಮೇಲೆ ಆ ಜಾಗದ ಸುತ್ತ ಊತ ಬಂದು ಸ್ಟೀರಾಯ್ಡ್ ಕೊಡಬೇಕಾಗುವುದೂ ಇದೆ.

ಇನ್ನೊಂದು ಕಡೆ ಇದರ ಬಳಕೆ ಹಬ್ಬುತ್ತಿದೆ. ಶ್ವಾಸಕೋಶ, ಸ್ತನ ಮೊದಲಾದ ಕಡೆಯ ಕ್ಯಾನ್ಸರ್ ಮಿದುಳಿಗೆ ಹರಡಿದಾಗ ಹಿಂದೆ ಇಡೀ ಮಿದುಳಿಗೆ ವಿಕಿರಣ ಕೊಡುವುದೇ ವಾಡಿಕೆ. ಅದರಿಂದ ನೆನಪು ಮಸುಕಾಗುತ್ತಿತ್ತು. ಈಗ ಗಂಟುಗಳು ಕೆಲವೇ ಇದ್ದರೆ ಒಂದೊಂದನ್ನೂ ಬೇರೆಬೇರೆಯಾಗಿ ಗುರಿಯಿಟ್ಟು, ಉಳಿದ ಮಿದುಳನ್ನು ಕಾಪಾಡುತ್ತಾರೆ. ಹೊಸ ಔಷಧಗಳಿಂದ ರೋಗಿಗಳ ಆಯುಸ್ಸು ಹೆಚ್ಚಿರುವ ಈ ಹೊತ್ತಿನಲ್ಲಿ, ಮಕ್ಕಳ ಜತೆ ಮಾತಾಡಿದ್ದು ನಾಳೆಗೂ ನೆನಪಿರುವುದು ಸಣ್ಣ ವಿಷಯವಲ್ಲ.

ಚೌಕಟ್ಟು ಕಟ್ಟದೆಯೂ ಈಗ ಈ ಕೆಲಸ ನಡೆಯುತ್ತದೆ. ಅಮೆರಿಕದ ಜಾನ್ ಆಡ್ಲರ್ 1985ರಲ್ಲಿ ಲೆಕ್ಸೆಲ್ ಬಳಿ ಕಲಿತು ಹೋಗಿ, ಸ್ಟ್ಯಾನ್‌ಫರ್ಡಿನಲ್ಲಿ ಸೈಬರ್‌ನೈಫ್ ರೂಪಿಸಿದರು. ರೋಬೋ ತೋಳಿನ ತುದಿಯಲ್ಲಿ ವಿಕಿರಣ ಹೊಮ್ಮಿಸುವ ಲಿನಾಕ್ ಯಂತ್ರ ಕೂತಿರುತ್ತದೆ, ಆಗಾಗ ತೆಗೆಯುವ ಎಕ್ಸ್-ರೇ ನೋಡಿಕೊಂಡು ತೋಳು ತನ್ನ ಗುರಿಯನ್ನು ಸರಿಪಡಿಸಿಕೊಳ್ಳುತ್ತದೆ. ರೋಗಿಯ ಮುಖಕ್ಕೆ ಪ್ಲಾಸ್ಟಿಕ್ ಮುಖವಾಡ ಮಾತ್ರ. 2015ರಲ್ಲಿ ಬಂದ ಗಾಮಾ ನೈಫ್ ಐಕಾನ್ ಮಾದರಿಯಲ್ಲೂ ಮುಖವಾಡದ ಅನುಕೂಲವಿದೆ. ಇದರಿಂದ ದೊಡ್ಡ ಗಡ್ಡೆಗೆ ಮೂರೋ ಐದೋ ಸಲ ಹಂಚಿ ಕೊಡಬಹುದು. ಹಾಗಿದ್ದರೂ ನರದ ಬುಡದಂಥ ಅತಿ ಸಣ್ಣ ಗುರಿಗೆ ಹಳೆಯ ಚೌಕಟ್ಟನ್ನೇ ನೆಚ್ಚಿಕೊಂಡ ವೈದ್ಯರು ಬಹಳ ಮಂದಿ ಇದ್ದಾರೆ.

ಭಾರತಕ್ಕೆ ಗಾಮಾ ನೈಫ್ ಬಂದದ್ದು 1997ರಲ್ಲಿ, ಮುಂಬೈಯ ಹಿಂದುಜಾ ಆಸ್ಪತ್ರೆ ಮತ್ತು ದೆಹಲಿಯ ಏಮ್ಸ್‌ಗೆ. ಕರ್ನಾಟಕದವರಿಗೆ ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಈ ಸೌಲಭ್ಯವಿದೆ. ಅದು ಸರ್ಕಾರಿ ಸಂಸ್ಥೆ. ದೂರದ ಜಿಲ್ಲೆಗಳಿಂದ ರಾತ್ರಿ ಬಸ್ಸಿಗೆ ಹೊರಡುವವರು ಹಳೆಯ ಸ್ಕ್ಯಾನುಗಳನ್ನೂ, ಬಿಪಿಎಲ್ ಕಾರ್ಡ್ ಇದ್ದರೆ ಅದನ್ನೂ ಮರೆಯದೆ ತರಬೇಕು.

ಸ್ಕ್ಯಾನಿನ ಮಾತು ಯಾಕೆಂದರೆ, ಚಿಕಿತ್ಸೆಯ ನಂತರ ಮೊದಮೊದಲು ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಎಂಆರ್‌ಐ ಮಾಡಿಸಬೇಕಾಗುತ್ತದೆ. ಮೊದಲ ಕೆಲವು ತಿಂಗಳಲ್ಲಿ ಗಡ್ಡೆ, ಅದರಲ್ಲೂ ಶ್ವಾನೋಮಾ, ಸ್ವಲ್ಪ ಊದಿ ಆಮೇಲೆ ಇಳಿಯುವುದುಂಟು. ಊರಿನಲ್ಲಿ ಹೊಸದಾಗಿ ನೋಡಿದ ವೈದ್ಯರು ಗಡ್ಡೆ ಬೆಳೆದಿದೆ ಎಂದು ಹೇಳಿದರೆ, ಅದು ಬೇಡದ ಆಪರೇಷನ್ನಿಗೆ ದಾರಿಯಾಗಬಹುದು. ಚಿಕಿತ್ಸೆಗೆ ಮೊದಲಿನ ಫಿಲಂ, ಸಿ.ಡಿ., ಎಷ್ಟು ಗ್ರೇ ಕೊಟ್ಟರೆಂದು ಬರೆದಿರುವ ಡಿಸ್ಚಾರ್ಜ್ ಚೀಟಿ, ಮೂರನ್ನೂ ಒಂದೇ ಕವರಿನಲ್ಲಿಟ್ಟು ಪ್ರತಿ ಸಲವೂ ಒಯ್ಯಿರಿ. ಚಿಕಿತ್ಸೆ ಕೊಟ್ಟ ವೈದ್ಯರೇ ಹಳೆಯ ಸ್ಕ್ಯಾನ್, ಹೊಸ ಸ್ಕ್ಯಾನ್ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವ ತನಕ ಯಾವ ತೀರ್ಮಾನಕ್ಕೂ ಒಪ್ಪಬೇಡಿ.